ನೆಲ ಮುಟ್ಟುವಾಗ ಟೈರಿನಿಂದ ಹೊಗೆ ಏಕೆ?

ಪ್ರಶ್ನೆ: ವಿಮಾನ ಇಳಿಯುವಾಗ ಚಕ್ರಗಳಿಂದ ಹೊಗೆ ಏಳುವುದನ್ನು ಕಂಡಿದ್ದೇನೆ. ಟೈರು ಸುಟ್ಟುಹೋಗುವುದಿಲ್ಲವೇ? ಅದಕ್ಕೆ ತುಂಬುವುದು ಸಾಮಾನ್ಯ ಗಾಳಿಯನ್ನೇ?

ಉತ್ತರ: ನೆಲ ಮುಟ್ಟುವ ಕ್ಷಣದವರೆಗೂ ಚಕ್ರ ತಿರುಗುತ್ತಿರುವುದಿಲ್ಲ, ವಿಮಾನವಾದರೋ ಗಂಟೆಗೆ ಸುಮಾರು 250 ಕಿ.ಮೀ. ವೇಗದಲ್ಲಿರುತ್ತದೆ. ಹೀಗಾಗಿ ಚಕ್ರವು ಆ ವೇಗಕ್ಕೆ ಹೊಂದಿಕೊಳ್ಳುವವರೆಗಿನ ಅತ್ಯಲ್ಪ ಕಾಲ ಟೈರು ರನ್‌ವೇಯನ್ನು ಉಜ್ಜಿಕೊಂಡು ಜಾರುತ್ತದೆ. ಮೇಲ್ಪದರದ ತೆಳು ರಬ್ಬರು ಕಾದು ಹೊಗೆಯೇಳುತ್ತದೆ, ಒಂದಿಷ್ಟು ಕಪ್ಪು ಪಟ್ಟೆಯಾಗಿ ನೆಲಕ್ಕೆ ಅಂಟುತ್ತದೆ. ಮಳೆಯಲ್ಲಿ ಈ ಪಟ್ಟೆ ಜಾರುವುದರಿಂದ ಅದನ್ನು ಆಗಾಗ ರಭಸದ ನೀರು ಹಾಯಿಸಿ ಕೀಳುತ್ತಾರೆ. ಸವೆದ ಟೈರಿಗೆ ಹೊಸ ಮೇಲ್ಪದರ ಹಾಕಿಸಿ ಹಲವು ಸಲ ಬಳಸುವುದು ವಾಡಿಕೆ.

ನಿಮ್ಮ ಕೊನೆಯ ಪ್ರಶ್ನೆ ಹೆಚ್ಚು ಮಹತ್ವದ್ದು. ದೊಡ್ಡ ಪ್ರಯಾಣಿಕ ವಿಮಾನಗಳ ಟೈರಿಗೆ ತುಂಬುವುದು ಒಣ ಸಾರಜನಕವನ್ನು, ಅದೂ 200 ಪಿಎಸ್‌ಐ ಆಸುಪಾಸಿನ ಒತ್ತಡದಲ್ಲಿ, ಎಂದರೆ ಕಾರಿನ ಟೈರಿನ ಸುಮಾರು ಆರು ಪಟ್ಟು. ಬ್ರೇಕು ವಿಪರೀತ ಕಾದಾಗ, ಆಮ್ಲಜನಕವಿರುವ ಗಾಳಿಯಾದರೆ ಟೈರಿನೊಳಗೇ ಸ್ಫೋಟಕ್ಕೆ ದಾರಿಯಾಗಬಲ್ಲದು. 1986ರ ಮಾರ್ಚ್ 31ರಂದು ಮೆಕ್ಸಿಕೊ ನಗರದಿಂದ ಹೊರಟ ಬೋಯಿಂಗ್ 727 ವಿಮಾನದಲ್ಲಿ ಆದದ್ದು ಇದೇ: ಸಾರಜನಕದ ಬದಲು ಗಾಳಿ ತುಂಬಿದ್ದ ಟೈರು ಬ್ರೇಕಿನ ಕಾವಿಗೆ ಹಾರಾಟದಲ್ಲೇ ಸಿಡಿದು, ಇಂಧನದ ಕೊಳವೆಗಳು ಹರಿದು, 167 ಜನರ ಪ್ರಾಣ ಹೋಯಿತು.

ಟೇಕಾಫನ್ನು ಅರ್ಧಕ್ಕೆ ಕೈಬಿಟ್ಟು ಪೈಲಟ್ ಪೂರ್ತಿ ಬ್ರೇಕು ಹಾಕಿದಾಗಲೂ ಚಕ್ರಗಳು ಹೀಗೆಯೇ ಕಾಯುತ್ತವೆ. ಆಗ ಚಕ್ರದಲ್ಲಿ ಕೂರಿಸಿರುವ ಪುಟ್ಟ ಬಿರಡೆಯೊಂದರ ಲೋಹ ಕರಗಿ ಅನಿಲವನ್ನು ಹೊರಬಿಡುತ್ತದೆ, ಟೈರು ಸಿಡಿಯದೆ ಚಪ್ಪಟೆಯಾಗುತ್ತದೆ. ಇಡೀ ಚಕ್ರದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಭಾಗ ಇದು.