ಪುಟ ಕಟ್ಟುವವರ ಕೈಗೆ ಸಿಗುವ ಪ್ರೆಸ್ ಕಿಟ್

ಪ್ರಶ್ನೆ: ಹುಬ್ಬಳ್ಳಿ-ಧಾರವಾಡದ ಒಂದಷ್ಟು ಗೆಳೆಯರು ಸೇರಿ ಕನ್ನಡ ಕಾಗುಣಿತ ತಪ್ಪು ತೋರಿಸುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಮಾಡುತ್ತಿದ್ದೇವೆ. ನಮ್ಮಲ್ಲಿ ಕಾಲೇಜು ಹುಡುಗ ಹುಡುಗಿಯರಿದ್ದಾರೆ, ಶಾಲಾ ಶಿಕ್ಷಕರಿದ್ದಾರೆ, ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೂ ಇದ್ದಾರೆ. ಈಚೆಗೆ ಪತ್ರಿಕೆಯೊಂದರಲ್ಲಿ ನಮ್ಮ ಸುದ್ದಿ ಬಂತು. ಸಾಫ್ಟ್‌ವೇರಿನ ಹೆಸರು ತಪ್ಪಾಗಿತ್ತು, ಲೋಗೋ ಮಸುಕಾಗಿತ್ತು. ಎಲ್ಲ ಕೆಲಸವನ್ನೂ ಒಬ್ಬನೇ ಮಾಡಿದ ಹಾಗೆ ಬರೆದಿದ್ದರು. ಗುಂಪಿನಲ್ಲಿ ಬೇಸರವಾಗಿದೆ. ಪ್ರೆಸ್ ಕಿಟ್ (ಪತ್ರಿಕೆಯವರಿಗೆ ಬೇಕಾಗುವ ಬರಹ, ಚಿತ್ರಗಳ ಕಟ್ಟು) ಮಾಡಿಟ್ಟರೆ ಹೀಗಾಗುವುದಿಲ್ಲ ಅನ್ನುತ್ತಾರೆ. ಅದರಲ್ಲಿ ಏನಿರಬೇಕು? – ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ವರದಿಗಾರರ ಮೇಲೆ ಸಿಟ್ಟು ಬೇಡ. ನಿಮ್ಮ ಸುದ್ದಿ ಪುಟಕ್ಕೆ ಹೋಗುವ ಹೊತ್ತನ್ನು ಒಮ್ಮೆ ಯೋಚಿಸಿ. ಬ್ಯಾಡಗಿ ಮೆಣಸಿನಕಾಯಿ ಧಾರಣೆ, ಪಾಲಿಕೆ ಸಭೆಯ ಗದ್ದಲ, ಚಿಗರಿ ಬಸ್ಸಿನ ಸುದ್ದಿ, ಜೊತೆಗೆ ನಿಮ್ಮ ಸಾಫ್ಟ್‌ವೇರ್ – ಎಲ್ಲವೂ ಸಂಜೆ ಒಂದೇ ಟೇಬಲ್ಲಿಗೆ ಬಂದು ಬೀಳುತ್ತವೆ. ನಿಮ್ಮ ಪಾಲಿಗೆ ಸಿಗುವುದು ಹತ್ತು ನಿಮಿಷ, ಅದೂ ಜಾಸ್ತಿಯೇ. "ಸರ್, ಲೋಗೋ ಕಳಸ್ರಿ, ಪೇಜ್ ಹೊಂಟೈತಿ" ಅಂತ ಫೋನ್ ಬರುತ್ತದೆ. ನೀವು ಎತ್ತುವುದಿಲ್ಲ. ಅವರು ನಿಮ್ಮ ವಾಟ್ಸ್‌ಆಪ್ ಡಿಪಿಯನ್ನೇ ಸ್ಕ್ರೀನ್‌ಶಾಟ್ ತೆಗೆದು ಹಾಕುತ್ತಾರೆ. ಪ್ರೆಸ್ ಕಿಟ್ ಬೇಕಾಗುವುದು ಆ ಹತ್ತು ನಿಮಿಷಕ್ಕೆ. ಯಾರಿಗೂ ಫೋನ್ ಮಾಡದೆ ಉಪಸಂಪಾದಕರು ಸುದ್ದಿ ಮುಗಿಸುವಂತಿದ್ದರೆ ಅದು ಒಳ್ಳೆಯ ಕಿಟ್.

ಮೊದಲು ಬರಹ. ಒಂದೇ ವಿಷಯವನ್ನು ಮೂರು ಅಳತೆಯಲ್ಲಿ ಬರೆದಿಡಿ: ಒಂದು ವಾಕ್ಯ, ಒಂದು ಪ್ಯಾರಾ, ಅರ್ಧ ಪುಟ. ವಾಕ್ಯ ಸರಳವಾಗಿರಲಿ: "ಕನ್ನಡ ಬರಹದಲ್ಲಿನ ಕಾಗುಣಿತ ತಪ್ಪು ತೋರಿಸುವ ಈ ಸಾಫ್ಟ್‌ವೇರನ್ನು ಹುಬ್ಬಳ್ಳಿ-ಧಾರವಾಡದ ಸ್ವಯಂಸೇವಕರು ಸೇರಿ ಮಾಡಿದ್ದಾರೆ, ಯಾರು ಬೇಕಾದರೂ ಬಳಸಬಹುದು, ಕೋಡ್ ತಿದ್ದಬಹುದು, ಹಂಚಬಹುದು." 'ಕ್ರಾಂತಿಕಾರಿ', 'ದೇಶದಲ್ಲೇ ಮೊದಲು' ಇವನ್ನೆಲ್ಲ ತೆಗೆದುಬಿಡಿ. ನೀವು ತೆಗೆಯದಿದ್ದರೆ ಡೆಸ್ಕಿನಲ್ಲಿ ತೆಗೆಯುತ್ತಾರೆ. ತೆಗೆಯದೆ ಹಾಗೇ ಅಚ್ಚಾದರೆ ಇನ್ನೂ ಕಷ್ಟ. ನಿಮ್ಮ ಪದಪಟ್ಟಿ ಹನ್‌ಸ್ಪೆಲ್ ಅನ್ನುವ ಕಾಗುಣಿತ ಸಾಫ್ಟ್‌ವೇರಿನ ಮಾದರಿಯಲ್ಲಿದ್ದರೆ ಅದನ್ನು ಬರೆಯಿರಿ. ಲಿಬ್ರೆಆಫೀಸ್ ಮತ್ತು ಫೈರ್‌ಫಾಕ್ಸ್ ಕಾಗುಣಿತ ನೋಡುವುದು ಹನ್‌ಸ್ಪೆಲ್‌ನಿಂದಲೇ. ಆ ಎರಡು ಹೆಸರು ಕೇಳಿದ ಕೂಡಲೇ ವರದಿಗಾರರಿಗೆ ನಿಮ್ಮ ಕೆಲಸ ಯಾವ ಥರದ್ದು ಅಂತ ಗೊತ್ತಾಗುತ್ತದೆ.

ಇನ್ನು ಹೆಸರು ತಪ್ಪಾದ ವಿಚಾರ. ಇದರಲ್ಲಿ ವರದಿಗಾರರ ತಪ್ಪು ಇಲ್ಲದೆಯೂ ಇರಬಹುದು. ಪುಟ ಕಟ್ಟುವ ಕಡೆ ನುಡಿ, ಶ್ರೀಲಿಪಿಯಂಥ ಹಳೆ ಫಾಂಟ್‌ಗಳು ಪೂರ್ತಿ ಹೋಗಿಲ್ಲ. ನಿಮ್ಮ ಯುನಿಕೋಡ್ ಬರಹ (ಈಗ ಫೋನು, ವೆಬ್‌ಸೈಟುಗಳಲ್ಲಿ ಬಳಸುವ ಮಾದರಿಯದು) ಅಲ್ಲಿಗೆ ಹೋಗಬೇಕಾದರೆ ಕನ್ವರ್ಟರ್ ಮೂಲಕ ಹಾಯಬೇಕು. ಆ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡ ಅಕ್ಷರಗಳು ಕೂತಿರುತ್ತವೆ. ಹಾಗಾಗಿ ಕನ್ನಡದ ನಡುವೆ ಇಂಗ್ಲಿಷ್ ಲಿಪಿಯಲ್ಲಿ ಬರೆದ ಹೆಸರು, ವೆಬ್ ವಿಳಾಸ ಎಲ್ಲ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಬಿಡುತ್ತವೆ. ಅವಸರದಲ್ಲಿ ಯಾರೋ ಅದನ್ನು ಅಂದಾಜಿನ ಮೇಲೆ ತಿದ್ದುತ್ತಾರೆ, ಹೊಸ ಹೆಸರು ಹುಟ್ಟುತ್ತದೆ! ಅದಕ್ಕೇ ಹೆಸರನ್ನು ಕನ್ನಡ ಲಿಪಿಯಲ್ಲೇ ಬರೆಯಿರಿ, ಎಲ್ಲ ಕಡೆ ಒಂದೇ ಥರ. ವಿಳಾಸಕ್ಕೆ ಬೇರೆ ಸಾಲು ಕೊಡಿ. ಯುನಿಕೋಡ್ ಫೈಲಿನ ಜೊತೆ ನುಡಿಗೆ ಬದಲಿಸಿದ ಒಂದು ಪ್ರತಿಯನ್ನು ನೀವೇ ಮಾಡಿ, ಒತ್ತಕ್ಷರ, ಅರ್ಕಾವತ್ತು ಸರಿಯಾಗಿವೆಯಾ ನೋಡಿ ಇಡಿ. ಹೋಲಿಸಿ ನೋಡಲು ಒಂದು ಪಿಡಿಎಫ್ ಇರಲಿ. ಕಾಗುಣಿತ ತಿದ್ದುವವರ ಸುದ್ದಿಯಲ್ಲೇ ಕಾಗುಣಿತ ತಪ್ಪಿದರೆ ನಗೆಪಾಟಲು, ಅಲ್ವಾ?

ಲೋಗೋ ಎಸ್‌ವಿಜಿಯಲ್ಲಿರಲಿ (ಎಷ್ಟು ಹಿಗ್ಗಿಸಿದರೂ ಮಸುಕಾಗದ ಫೈಲ್), ಪಿಎನ್‌ಜಿಯಲ್ಲೂ ಇರಲಿ. ಲೋಗೋದಲ್ಲಿ ಕನ್ನಡ ಅಕ್ಷರವಿದ್ದರೆ ಚಿತ್ರ ಬರೆಯುವ ಇಂಕ್‌ಸ್ಕೇಪ್‌ನಲ್ಲಿ ಅದನ್ನು ಪಾತ್‌ಗೆ, ಅಂದರೆ ಬರೀ ಗೆರೆಗಳ ಆಕಾರಕ್ಕೆ ಬದಲಿಸಿ ಉಳಿಸಿ. ಇಲ್ಲದಿದ್ದರೆ ನಿಮ್ಮ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬೇರೆ ಅಕ್ಷರ ಬಂದು ಕೂರುತ್ತದೆ. ಅಚ್ಚಿಗೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಬೇಕು. ಅಂದರೆ 5 ಸೆಂಟಿಮೀಟರ್ ಅಗಲದ ಚಿತ್ರಕ್ಕೆ ಸುಮಾರು 600 ಪಿಕ್ಸೆಲ್. ನೀವು 2000 ಪಿಕ್ಸೆಲ್‌ನದು ಕೊಟ್ಟರೆ ಚಿಂತೆಯಿಲ್ಲ. ಕಪ್ಪು-ಬಿಳುಪಿನದೂ ಒಂದಿರಲಿ. ವಾಟ್ಸ್‌ಆಪ್‌ನಲ್ಲಿ ಕಳಿಸುವಾಗ ಫೋಟೋ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ. ಸ್ಕ್ರೀನ್‌ಶಾಟ್‌ನಲ್ಲಿ ಹಿನ್ನೆಲೆ ಬಿಳಿ ಇರಲಿ. ಡಾರ್ಕ್ ಮೋಡ್ ಚಿತ್ರ ಪತ್ರಿಕೆ ಕಾಗದದ ಮೇಲೆ ಮಸಿ ಚೆಲ್ಲಿದಂತೆ ಕಾಣುತ್ತದೆ.

ಈಗ ನಿಮ್ಮನ್ನು ನಿಜವಾಗಿ ನೋಯಿಸಿದ ವಿಚಾರ: ಒಬ್ಬನ ಹೆಸರೇ ಬಂದದ್ದು. ಪತ್ರಿಕೆಗೆ ಒಂದು ಮುಖ ಬೇಕು. 'ಸಮುದಾಯ' ಅಂದರೆ ಫೋಟೋ ತೆಗೆಯಲು ಬರುವುದಿಲ್ಲ. ನೀವು ಮುಖ ಕೊಡದಿದ್ದರೆ ಮೊದಲು ಫೋನ್ ಎತ್ತಿದವನೇ ಹೀರೋ. ಆದ್ದರಿಂದ ಇಬ್ಬರು ಮೂವರ ಚಿಕ್ಕ ಚಿಕ್ಕ ಕಥೆಗಳನ್ನು ನೀವೇ ಬರೆದುಕೊಡಿ. 'ಪುಂಡಿಪಲ್ಯ', 'ಜುಣಕ' ಬರೆದರೆ ಕೆಂಪು ಗೆರೆ ಬೀಳುತ್ತಿದೆ ಅಂತ ನಿಮ್ಮ ಶಿಕ್ಷಕರು ಯಾರಾದರೂ ಈ ಕಡೆಯ ಪದಗಳನ್ನು ಕೂಡಿಸಿ ಪಟ್ಟಿಗೆ ಸೇರಿಸಿದ್ದರೆ, ನನ್ನ ಕೇಳಿದರೆ ಅದೇ ಸುದ್ದಿ. ಕೋಡ್ ಬರೆದವರ ಕಥೆಗಿಂತ ಅದನ್ನು ಜನ ಜಾಸ್ತಿ ಓದುತ್ತಾರೆ. ಗುಂಪಿನ ಫೋಟೋ ಕೊಟ್ಟರೆ ಎಡದಿಂದ ಬಲಕ್ಕೆ ಹೆಸರು ಬರೆದಿಡಿ. ಕೆಲಸ ಮಾಡಿದವರ ಪೂರ್ತಿ ಪಟ್ಟಿ ಬೇರೆ ಇರಲಿ, ಹೆಸರು ಬೇಡ ಅಂದವರನ್ನು ಬಿಡಿ. ಯಾರು ಮಾತಾಡಬೇಕು ಅನ್ನುವುದನ್ನು ಮೊದಲೇ ಕೂತು ತೀರ್ಮಾನಿಸಿ. ಇಬ್ಬರ ನಂಬರ್ ಕೊಡಿ, ಅವರಲ್ಲಿ ಒಬ್ಬರಾದರೂ ಸಂಜೆ ಫೋನ್ ಎತ್ತುವವರಾಗಿರಲಿ. ನಿಮ್ಮ ನಿವೃತ್ತ ಹಿರಿಯರು ಇದಕ್ಕೆ ಒಪ್ಪಿದರೆ ಅವರಷ್ಟು ಸರಿಯಾದವರು ಬೇರೆ ಸಿಗಲಿಕ್ಕಿಲ್ಲ.

ಅಂಕಿ ಕೊಡುವುದಾದರೆ ಪಕ್ಕದಲ್ಲಿ ತಾರೀಕು ಹಾಕಿ. ಡೌನ್‌ಲೋಡ್ ಎಣಿಕೆಯನ್ನು ಬಳಕೆದಾರರ ಎಣಿಕೆ ಅಂತ ಸುಮ್ನೆ ಬರೆಯಬೇಡಿ. ಒಬ್ಬರೇ ನಾಲ್ಕು ಸಲ ಇಳಿಸಿಕೊಂಡಿರಬಹುದು. ಇಡೀ ಕಿಟ್ಟನ್ನು ಕೋಡ್ ಇರುವ ರೆಪೊಸಿಟರಿಯಲ್ಲೇ ಒಂದು ಫೋಲ್ಡರಿನಲ್ಲಿಡಿ. ಆಗ ಅದನ್ನು ತಿದ್ದುವವರೂ ಕೋಡ್ ತಿದ್ದುವವರ ಹಾಗೆ ಎಲ್ಲರ ಕಣ್ಣಿಗೆ ತೋರಿಸಿಯೇ ತಿದ್ದಬೇಕಾಗುತ್ತದೆ.

ಪ್ರಶ್ನೆ: ನಮ್ಮ ಕೋಡ್ ಜಿಪಿಎಲ್ ಅನ್ನುವ ಮುಕ್ತ ಲೈಸೆನ್ಸ್‌ನಲ್ಲಿದೆ. ಲೋಗೋ ಕೂಡ ತಾನಾಗಿ ಅದೇ ಲೈಸೆನ್ಸಿಗೆ ಬರುತ್ತದೆಯೇ? – ಓದುಗರು, ಗದಗ

ಉತ್ತರ: ಬರುತ್ತದೆ ಅಂತ ಅಂದುಕೊಳ್ಳಬೇಡಿ. ಫೈರ್‌ಫಾಕ್ಸ್‌ನ ಕೋಡ್ ಮುಕ್ತವಾಗಿತ್ತು, ಅದರ ಹೆಸರು ಮತ್ತು ಲೋಗೋಗೆ ಬೇರೆ ನಿಯಮವಿತ್ತು. ಆ ನಿಯಮದ ಜಗಳದಲ್ಲಿ 2006ರಲ್ಲಿ ಡೆಬಿಯನ್ ಅನ್ನುವ ಲಿನಕ್ಸ್‌ನವರು ತಮ್ಮಲ್ಲಿ ಅದರ ಹೆಸರನ್ನೇ ಐಸ್‌ವೀಸಲ್ ಅಂತ ಬದಲಿಸಿದರು. ಫೈರ್‌ಫಾಕ್ಸ್ ಅನ್ನುವ ಹೆಸರು ಮತ್ತೆ ಅಲ್ಲಿಗೆ ಬಂದದ್ದು 2016ರಲ್ಲಿ.

ನಿಮ್ಮ ಲೋಗೋ ಬರೆದವರು ಯಾರು ಅಂತ ಮೊದಲು ನೋಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಸ್ನೇಹಕ್ಕಾಗಿ ಬರೆದುಕೊಟ್ಟ ಚಿತ್ರದ ಹಕ್ಕು ಬರೆದವರದೇ. ಅವರಿಂದ ಇಮೇಲಿನಲ್ಲಿ ಒಪ್ಪಿಗೆ ಪಡೆಯಿರಿ. ಆಮೇಲೆ ಲೋಗೋ ಫೋಲ್ಡರಿನಲ್ಲೇ ಲೈಸೆನ್ಸ್ ಬರೆದಿಡಿ. 'ಸುದ್ದಿಗೆ ಮಾತ್ರ ಬಳಸಬಹುದು' ಅಂದರೆ ಪತ್ರಿಕೆಗಳಿಗೆ ಸಾಕು, ಆದರೆ ವಿಕಿಪೀಡಿಯಕ್ಕೆ ಚಿತ್ರ ಒದಗಿಸುವ ವಿಕಿಮೀಡಿಯ ಕಾಮನ್ಸ್ ಅಂಥದ್ದನ್ನು ತೆಗೆದುಕೊಳ್ಳುವುದಿಲ್ಲ. ವಿಕಿಪೀಡಿಯ ಲೇಖನಕ್ಕೂ ಬಳಕೆಯಾಗಲಿ ಅಂತಿದ್ದರೆ ಕ್ರಿಯೇಟಿವ್ ಕಾಮನ್ಸ್‌ನ ಸಿಸಿ ಬಿವೈ-ಎಸ್‌ಎ ಲೈಸೆನ್ಸ್ (ಬರೆದವರ ಹೆಸರು ಹೇಳಿ, ಬದಲಿಸಿ ಹಂಚುವುದಾದರೆ ಅದೇ ಲೈಸೆನ್ಸ್‌ನಲ್ಲಿ ಹಂಚಿ ಅನ್ನುವುದು) ಕೊಡಿ.

ಪ್ರಶ್ನೆ: ಧಾರವಾಡ ಆಕಾಶವಾಣಿಗೂ ಇದೇ ಕಿಟ್ ಕಳಿಸಬಹುದೇ? – ಓದುಗರು, ಹಾವೇರಿ

ಉತ್ತರ: ಲಿಂಕ್ ಕಳಿಸಿ, ಆದರೆ ರೇಡಿಯೊದವರಿಗೆ ಲೋಗೋ ಕಟ್ಟಿಕೊಂಡು ಏನಾಗಬೇಕು? 1950ರಿಂದ ಇರುವ ಈ ನಿಲಯವನ್ನು ಹೊಲದಲ್ಲೂ ಅಡುಗೆಮನೆಯಲ್ಲೂ ಕೇಳುತ್ತಾರೆ. ಒಂದು ನಿಮಿಷದಲ್ಲಿ ಓದಿ ಮುಗಿಸುವಂಥ ಬರಹ ಬೇರೆಯೇ ಮಾಡಿ. ವಾಕ್ಯ ಚಿಕ್ಕದಿರಲಿ, ಅಂಕಿಗಳನ್ನು ಅಕ್ಷರದಲ್ಲಿ ಬರೆಯಿರಿ. ಹೆಸರನ್ನು ಹೇಗೆ ಅನ್ನಬೇಕು ಅಂತ ನೀವೇ ಹೇಳಿ ರೆಕಾರ್ಡ್ ಮಾಡಿದ ಆಡಿಯೋ ಜೊತೆಗಿರಲಿ. ಉದ್ದದ ವೆಬ್ ವಿಳಾಸ ಕೊಡಬೇಡಿ, ಕೇಳಿದವರು ಬರೆದುಕೊಳ್ಳಲು ಆಗುವುದಿಲ್ಲ. ಫೋನಿನಲ್ಲಿ ಏನಂತ ಹುಡುಕಿದರೆ ಸಿಗುತ್ತದೆ ಅನ್ನುವುದನ್ನು ಎರಡು ಪದದಲ್ಲಿ ಹೇಳಿ. ಅದಕ್ಕೆ ಮುಂಚೆ ನೀವೇ ಹುಡುಕಿ ನೋಡಿ.