ಹತ್ತು ವಿಚಿತ್ರ ಬೇಡ, ಒಂದು ಕಾಕಂಬಿ ಟ್ಯಾಂಕ್ ಸಾಕು

ನಮಸ್ಕಾರ,

ನೀವು ಕಳಿಸಿದ 'ಇತಿಹಾಸದ ಹತ್ತು ಬೆಚ್ಚಿಬೀಳಿಸುವ ಘಟನೆಗಳು' ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಎರಡು ಸಾಲಿನ ವಿಷಾದಪತ್ರ ಕಳಿಸಿ ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ನಿಮ್ಮ ವಾಕ್ಯಗಳು ಚುರುಕಾಗಿವೆ, ಓದಿಸಿಕೊಂಡು ಹೋಗುತ್ತವೆ. ತೊಂದರೆ ಇರುವುದು ಬೇರೆ ಕಡೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಹತ್ತು ಘಟನೆಗಳಿಗೆ ತಲಾ ಏಳೆಂಟು ಸಾಲು ಹಂಚಿದ್ದೀರಿ. ಪ್ರತಿಯೊಂದೂ 'ನಿಮಗೆ ಗೊತ್ತೇ?' ಎಂದು ಶುರುವಾಗಿ 'ವಿಚಿತ್ರವಾದರೂ ಸತ್ಯ!' ಎಂದು ಮುಗಿಯುತ್ತದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಓದುವವರು ಬೆಚ್ಚಿಬೀಳುವುದನ್ನು ನಿಲ್ಲಿಸಿರುತ್ತಾರೆ. ಇಂಥವು ವಾಟ್ಸಾಪ್‌ನಲ್ಲಿ ದಿನಾ ಬರುತ್ತವೆ, ಅಲ್ವಾ? ಅಲ್ಲಿ ಪುಕ್ಕಟೆ ಸಿಗುವುದನ್ನು ಕಾಸು ಕೊಟ್ಟು ಪತ್ರಿಕೆಯಲ್ಲಿ ಯಾಕೆ ಓದಬೇಕು?

ನಿಮ್ಮ ಪಟ್ಟಿಯಲ್ಲಿ ಆರನೆಯದು ಅಮೆರಿಕದ ಬಾಸ್ಟನ್ ನಗರದ ಕಾಕಂಬಿ (ಸಕ್ಕರೆ ತಯಾರಿಸುವಾಗ ಉಳಿಯುವ ಮಂದ ಪಾಕ) ಪ್ರವಾಹ. ನೀವು ಬರೆದದ್ದು ಇಷ್ಟು: 1919ರಲ್ಲಿ ಒಂದು ದೊಡ್ಡ ಟ್ಯಾಂಕ್ ಒಡೆಯಿತು, ಬೀದಿಯಲ್ಲಿ ಕಾಕಂಬಿ ಹೊಳೆಯಾಗಿ ಹರಿಯಿತು, 21 ಜನ 'ಸಿಹಿಯಾದ ಸಾವು' ಕಂಡರು. ಮೊದಲನೆಯದಾಗಿ, ಆ 'ಸಿಹಿಯಾದ ಸಾವು' ತೆಗೆದುಹಾಕಿ. ಸತ್ತವರಲ್ಲಿ ಹತ್ತು ವರ್ಷದ ಮಕ್ಕಳಿದ್ದರು. ನೂರು ವರ್ಷ ಕಳೆದ ಮಾತ್ರಕ್ಕೆ ಅದು ಜೋಕ್ ಆಗುವುದಿಲ್ಲ.

ಎರಡನೆಯದು, ಕಥೆ ಎಲ್ಲಿ ಶುರುವಾಗಬೇಕಿತ್ತೋ ಅಲ್ಲಿ ನೀವು ಮುಗಿಸಿಬಿಟ್ಟಿದ್ದೀರಿ. ಟ್ಯಾಂಕ್ ಒಡೆದದ್ದು ಜನವರಿ 15ರ ಮಧ್ಯಾಹ್ನ. ಒಡೆಯುತ್ತದೆ ಎಂಬ ಸೂಚನೆ ಅದಕ್ಕೂ ಎಷ್ಟೋ ಮುಂಚೆಯೇ ಕಾಣುತ್ತಿತ್ತು. ಅದು 50 ಅಡಿ ಎತ್ತರ, 90 ಅಡಿ ಅಗಲದ ಉಕ್ಕಿನ ಟ್ಯಾಂಕ್. ಬಂದರಿನ ಪಕ್ಕದಲ್ಲಿ, ಇಟಲಿಯಿಂದ ವಲಸೆ ಬಂದ ಬಡವರು ಕಿಕ್ಕಿರಿದು ಬದುಕುತ್ತಿದ್ದ ನಾರ್ತ್ ಎಂಡ್ ಬಡಾವಣೆಯಲ್ಲಿ, 1915ರ ಕೊನೆಯಲ್ಲಿ ಅದನ್ನು ಅವಸರದಲ್ಲಿ ಎಬ್ಬಿಸಿದರು. ಯುರೋಪಿನಲ್ಲಿ ಯುದ್ಧ ನಡೆಯುತ್ತಿತ್ತು. ಮದ್ದುಗುಂಡು ತಯಾರಿಸಲು ಆಲ್ಕೋಹಾಲ್ ಬೇಕು, ಆಲ್ಕೋಹಾಲ್‌ಗೆ ಕಾಕಂಬಿ ಬೇಕು. ಕೆಲಸದ ಉಸ್ತುವಾರಿ ಆರ್ಥರ್ ಜೆಲ್ ಎಂಬಾತನದು. ಅವನು ಇಂಜಿನಿಯರ್ ಅಲ್ಲ, ಟ್ಯಾಂಕ್ ಕಟ್ಟಿಸಿದ ಆಲ್ಕೋಹಾಲ್ ಕಂಪನಿಯ ಹಣಕಾಸು ನೋಡುತ್ತಿದ್ದವನು. ನಕ್ಷೆ ಓದಲೂ ಬರುತ್ತಿರಲಿಲ್ಲ. ಇಂಥ ಟ್ಯಾಂಕ್ ಕಟ್ಟಿದ ಮೇಲೆ ನೀರು ತುಂಬಿಸಿ ಪರೀಕ್ಷೆ ಮಾಡಬೇಕು. ಇವನು ಆರು ಇಂಚು ನೀರು ಬಿಟ್ಟು ನೋಡಿ, ಸರಿಯಿದೆ ಎಂದ. ಐವತ್ತು ಅಡಿಯ ಟ್ಯಾಂಕ್‌ಗೆ ಆರು ಇಂಚು!

ಟ್ಯಾಂಕ್ ಮೊದಲಿನಿಂದಲೂ ಸೋರುತ್ತಿತ್ತು. ಅಕ್ಕಪಕ್ಕದ ಮಕ್ಕಳು ಡಬ್ಬಿ ಹಿಡಿದು ಬಂದು ಸೋರಿದ ಕಾಕಂಬಿ ತುಂಬಿಕೊಂಡು ಹೋಗುತ್ತಿದ್ದರು. ಕೆಲಸಗಾರರು ದೂರು ಕೊಟ್ಟರು. ಆಗ ಕಂಪನಿ ಏನು ಮಾಡಿತು ಗೊತ್ತಾ? ಸೋರಿದ್ದು ಕಣ್ಣಿಗೆ ಬೀಳದಿರಲಿ ಎಂದು ಟ್ಯಾಂಕ್‌ಗೆ ಕಂದು ಬಣ್ಣ ಬಳಿಸಿತು.

ಈ ಬಣ್ಣದ ವಿಷಯ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ನನಗಂತೂ ಇಡೀ ಕಥೆಯ ಜೀವ ಇದರಲ್ಲೇ ಇದೆ ಅನಿಸುತ್ತದೆ. ಅಲೆ 25 ಅಡಿ ಎತ್ತರ ಇತ್ತು, ಗಂಟೆಗೆ 56 ಕಿ.ಮೀ. ವೇಗದಲ್ಲಿ ನುಗ್ಗಿತು ಎಂಬುದು ಎಲ್ಲರಿಗೂ ಸಿಗುವ ಮಾಹಿತಿ. ಅದನ್ನೂ ಬರೆಯಿರಿ, ಬೇಡ ಅನ್ನುವುದಿಲ್ಲ. ಸುಮಾರು 87 ಲಕ್ಷ ಲೀಟರ್ ಕಾಕಂಬಿ ಒಮ್ಮೆಗೇ ನೆಲಕ್ಕೆ ಬಿದ್ದಾಗ ಅಗ್ನಿಶಾಮಕ ಠಾಣೆಯ ಕಟ್ಟಡ ಪಾಯದಿಂದಲೇ ಕಿತ್ತುಬಂತು, ಮೇಲ್ಸೇತುವೆ ರೈಲಿನ ಉಕ್ಕಿನ ಕಂಬ ಬಾಗಿಹೋಯಿತು. ಇಷ್ಟು ಮಂದವಾದ ವಸ್ತು ಅಷ್ಟು ಜೋರಾಗಿ ಹರಿಯುವುದು ಹೇಗೆ ಎಂದು ಓದುವವರು ಖಂಡಿತ ಕೇಳುತ್ತಾರೆ. ಅದಕ್ಕೆ ಉತ್ತರ ಇದೆ. ಕಾಕಂಬಿ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಆ ಭಾರವೇ ಅದನ್ನು ಮೊದಲು ತಳ್ಳಿತು. ಆಮೇಲೆ ಜನವರಿಯ ಚಳಿಗೆ ಅದು ಗಟ್ಟಿಯಾಗುತ್ತಾ ಬಂತು. ಸಿಕ್ಕಿಬಿದ್ದವರಿಗೆ ಕೈಕಾಲು ಎತ್ತಲು ಆಗಲಿಲ್ಲ, ರಕ್ಷಿಸಲು ಹೋದವರು ಮೊಣಕಾಲುದ್ದ ಅಂಟಿನಲ್ಲಿ ಹೆಣಗಾಡಿದರು. ಹಾರ್ವರ್ಡ್ ವಿಶ್ವವಿದ್ಯಾಲಯದವರು 2016ರಲ್ಲಿ ಇದನ್ನೇ ಪ್ರಯೋಗ ಮಾಡಿ ನೋಡಿದ್ದಾರೆ. ಒಂದು ಪ್ಯಾರಾ ಇದಕ್ಕೆ ಕೊಡಿ.

ಆಮೇಲೆ ಕೋರ್ಟು. ಇದನ್ನು ನೀವು ಮುಟ್ಟಿಯೇ ಇಲ್ಲ. ಯಾರೋ ಅರಾಜಕತಾವಾದಿಗಳು ಬಾಂಬ್ ಇಟ್ಟರು ಎಂದು ಕಂಪನಿ ವಾದಿಸಿತು. ಆಗ ಅಮೆರಿಕದಲ್ಲಿ ಅಂಥ ಬಾಂಬ್ ದಾಳಿಗಳು ನಡೆಯುತ್ತಿದ್ದವು, ಅನುಮಾನ ಮೊದಲು ಹೋಗುತ್ತಿದ್ದದ್ದು ಇಟಲಿಯವರ ಮೇಲೆ. ಅಂದರೆ, ಯಾರ ಮಕ್ಕಳು ಸತ್ತರೋ ಅವರದೇ ಜನರ ಕಡೆ ಬೊಟ್ಟು ಮಾಡಿದ ಹಾಗಾಯಿತು. 119 ದಾವೆಗಳನ್ನು ಒಟ್ಟು ಸೇರಿಸಿ, ಹ್ಯೂ ಆಗ್ಡನ್ ಎಂಬ ವಕೀಲನನ್ನು ವಿಚಾರಣೆಗೆ ನೇಮಿಸಿದರು. ವರ್ಷಗಟ್ಟಲೆ ಸಾಕ್ಷಿಗಳನ್ನು ಕೇಳಿದ ಮೇಲೆ, 1925ರಲ್ಲಿ ಆಗ್ಡನ್ ಹೇಳಿದ್ದು: ಬಾಂಬ್‌ಗೆ ಪುರಾವೆ ಇಲ್ಲ, ಟ್ಯಾಂಕ್‌ನಲ್ಲೇ ಬಲ ಇರಲಿಲ್ಲ, ಹೊಣೆ ಕಂಪನಿಯದು. ಸುಮಾರು 6,28,000 ಡಾಲರ್ ಪರಿಹಾರ ಕೊಡಬೇಕಾಯಿತು. ಕಟ್ಟಡದ ನಕ್ಷೆಗೆ ಅರ್ಹ ಇಂಜಿನಿಯರ್ ಸಹಿ ಇರಲೇಬೇಕು ಎಂಬಂಥ ನಿಯಮಗಳು ಬಿಗಿಯಾಗಲು ಈ ಪ್ರಕರಣವೂ ಒಂದು ಕಾರಣ. ನಿಮಗೆ ಲೇಖನ ಇಲ್ಲಿ ಸಿಗುತ್ತದೆ ಕಣ್ರೀ, ಕಾಕಂಬಿಯ ಅಲೆಯಲ್ಲಿ ಅಲ್ಲ.

ಒಂದು ತಪ್ಪನ್ನೂ ತಿದ್ದಿಕೊಳ್ಳಿ. ಪಾನನಿಷೇಧ ಬರುವ ಮುಂಚೆ ಆದಷ್ಟು ರಮ್ ಮಾಡಿಬಿಡೋಣ ಎಂದು ಟ್ಯಾಂಕ್ ತುಂಬಿಸಿದ್ದರು ಎಂದಿದ್ದೀರಿ. ನಿಷೇಧದ ತಿದ್ದುಪಡಿಗೆ ಬೇಕಾದಷ್ಟು ರಾಜ್ಯಗಳ ಒಪ್ಪಿಗೆ ಸಿಕ್ಕಿದ್ದು ದುರಂತದ ಮರುದಿನ, ಜನವರಿ 16ರಂದು, ನಿಜ. ತಾರೀಕು ಕೂಡಿಬಂದದ್ದರಿಂದ ಆ ಮಾತು ಹುಟ್ಟಿರಬೇಕು. ಆದರೆ ಆ ಕಂಪನಿ ಮುಖ್ಯವಾಗಿ ಮಾಡುತ್ತಿದ್ದದ್ದು ಕೈಗಾರಿಕೆಯ ಆಲ್ಕೋಹಾಲ್. ಕೇಳಲು ತುಂಬಾ ಚೆನ್ನಾಗಿರುವ ವಿವರ ಸಿಕ್ಕಾಗಲೆಲ್ಲ ಇನ್ನೊಂದು ಸಲ ಪರೀಕ್ಷಿಸಿ ನೋಡಿ.

ಉಳಿದವುಗಳ ಕಥೆಯೂ ಹೆಚ್ಚುಕಡಿಮೆ ಇದೇ. 1518ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಜನ ನಿಲ್ಲಿಸಲಾಗದ ಕುಣಿತದ ಕಾಯಿಲೆ ಹಿಡಿದು, ಕುಣಿದೂ ಕುಣಿದೂ ದಿನಕ್ಕೆ 15 ಮಂದಿ ಸತ್ತರು ಎಂದು ಬರೆದಿದ್ದೀರಿ. ಆ ಕಾಲದ ನಗರದ ದಾಖಲೆಗಳಲ್ಲಿ ಸಾವಿನ ಲೆಕ್ಕವೇ ಇಲ್ಲ. ಆದರೆ ಕುಣಿಯುವವರನ್ನು ಕುಣಿಯಲು ಬಿಟ್ಟರೆ ಕಾಯಿಲೆ ಇಳಿಯುತ್ತದೆ ಎಂದು ನಗರದ ಆಡಳಿತವೇ ಜಾಗ ಗೊತ್ತು ಮಾಡಿ, ವಾದ್ಯದವರನ್ನು ಕರೆಸಿತ್ತು. ಇದು ನಿಮ್ಮಲ್ಲಿ ಬಿಟ್ಟುಹೋಗಿದೆ. ಹಾಲೆಂಡಿನ ಟ್ಯುಲಿಪ್ ಹುಚ್ಚಿನಲ್ಲಿ, ಅಂದರೆ ಟ್ಯುಲಿಪ್ ಹೂವಿನ ಗಡ್ಡೆಯ ಬೆಲೆ ವಿಪರೀತ ಏರಿ ಕುಸಿದಾಗ, ಜನ ಕಾಲುವೆಗೆ ಹಾರಿದರು ಎಂಬುದಕ್ಕೂ ಆಧಾರ ಇಲ್ಲ, ಅದನ್ನು ಕೈಬಿಡಿ. ಆಸ್ಟ್ರೇಲಿಯಾದ ಎಮು ಯುದ್ಧವನ್ನು ಪೂರ್ತಿ ತಮಾಷೆ ಮಾಡಿದ್ದೀರಿ. 1932ರಲ್ಲಿ ಎರಡು ಲೂಯಿಸ್ ಮೆಷಿನ್ ಗನ್ ಹಿಡಿದು ಹೋದ ಸೈನಿಕರು ಹಕ್ಕಿಗಳ ಎದುರು ಸೋತು ಬಂದದ್ದು ನಗುವ ವಿಷಯವೇ, ಒಪ್ಪಿದೆ. ಆದರೆ ಸರ್ಕಾರಕ್ಕೆ ಮೊರೆಯಿಟ್ಟ ಆ ರೈತರಲ್ಲಿ ಎಷ್ಟೋ ಜನ ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು. ಗೋಧಿಯ ಬೆಲೆ ನೆಲಕಚ್ಚಿತ್ತು. ಉಳಿದಿದ್ದ ಬೆಳೆಗೆ ಸುಮಾರು 20,000 ಎಮು ನುಗ್ಗಿದ್ದವು.

ಈಗ ಏನು ಮಾಡಬೇಕು ಅಂದರೆ, ಒಂಬತ್ತನ್ನು ಬದಿಗಿಟ್ಟು ಬಾಸ್ಟನ್ ಒಂದನ್ನೇ ಬರೆಯಿರಿ. 1,500 ಪದ ಆಗಬಹುದು, ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ. ಆರು ಇಂಚು ನೀರಿನಿಂದ ಶುರು ಮಾಡಿ, ಅಥವಾ ಡಬ್ಬಿ ಹಿಡಿದ ಮಕ್ಕಳಿಂದ, ನಿಮ್ಮಿಷ್ಟ. 'ನಿಮಗೆ ಗೊತ್ತೇ' ಮಾತ್ರ ಎಲ್ಲೂ ಬೇಡ. ಆಶ್ಚರ್ಯಸೂಚಕ ಚಿಹ್ನೆ ಇಡೀ ಲೇಖನಕ್ಕೆ ಒಂದು ಸಾಕು. (ಮೇಲೆ ನಾನೂ ಒಂದು ಹಾಕಿದ್ದೇನೆ, ಆರು ಇಂಚಿನ ಹತ್ತಿರ. ಅಲ್ಲಿ ತಡೆಯಲಾಗಲಿಲ್ಲ.) ಎಮು ಬೇರೆಯೇ ಲೇಖನ ಆಗುತ್ತದೆ, ಅದಕ್ಕೆ ಅವಸರವಿಲ್ಲ. ಮೊದಲು ಬಾಸ್ಟನ್ ಕಳಿಸಿ.

ಇಂತಿ,
ಸಂಪಾದಕ