ಪದವಿ ಶೋಗೆ ‘ರೈತ ಮತ್ತು ನೆಲ’ ಥೀಮ್: ಮೊದಲು ಬಣ್ಣದ ಲಾಟ್, ಆಮೇಲೆ ಸ್ಕೆಚ್

ಏಪ್ರಿಲ್‌ನಲ್ಲಿ ನಿಮ್ಮ ಫ್ಯಾಷನ್ ಡಿಸೈನ್ ಪದವಿಯ ಶೋ, ಆರು ಉಡುಪು, ಥೀಮ್ ‘ರೈತ ಮತ್ತು ನೆಲ’, ಜೊತೆಗೆ ಉತ್ತರ ಕನ್ನಡದ ಸಿದ್ದಿ (ಆಫ್ರಿಕಾ ಮೂಲದ ಬುಡಕಟ್ಟು) ಹೆಂಗಸರ ಕೌದಿ ಕೆಲಸ. ಬಣ್ಣಕ್ಕೆ ಚೊಗರು, ಅಂದರೆ ಅಡಿಕೆ ಬೇಯಿಸಿದ ನೀರು. ‘ಯಾವ ಮೋಟಿಫ್‌ನಿಂದ ಶುರು ಮಾಡಲಿ?’ ಅಂತ ಕೇಳಿದ್ದೀರಿ. ನಾನೂ ಇದೇ ಪ್ರಶ್ನೆ ಹಿಡಿದುಕೊಂಡೇ ಈ ಕೆಲಸಕ್ಕೆ ಇಳಿದವಳು. ಮೋಟಿಫ್ ಬಿಟ್ಟುಬಿಡಿ. ನೇಗಿಲು, ತೆನೆ, ಎತ್ತಿನ ಗಾಡಿಯನ್ನು ಬಟ್ಟೆ ಮೇಲೆ ಅಚ್ಚೊತ್ತಿದರೆ ಅದು ಅಚ್ಚು ಅಷ್ಟೇ, ಬೇಸಾಯಕ್ಕೂ ಅದಕ್ಕೂ ಸಂಬಂಧವಿಲ್ಲ. ಬೇಸಾಯದಿಂದ ತೆಗೆದುಕೊಳ್ಳಬೇಕಾದ್ದು ಅದರ ಕಾಲ. ಯಾವ ತಿಂಗಳು ಏನು ಸಿಗುತ್ತದೆ, ಯಾರ ಕೈ ಯಾವಾಗ ಬಿಡುವಾಗಿರುತ್ತದೆ ಅನ್ನುವುದು ಗೊತ್ತಾದ ಮೇಲೆ ಸ್ಕೆಚ್ ಪುಸ್ತಕ ತೆರೆಯಿರಿ.

ಎಲ್ಲರೂ ದುಡ್ಡು ಕಳೆದುಕೊಳ್ಳುವ ತಪ್ಪು ಒಂದೇ, ನನ್ನದೂ ಅಲ್ಲೇ ಹೋಗಿದ್ದು: ಸಣ್ಣ ಮಾದರಿ ತುಂಡು, ಅಂದರೆ ಸ್ವಾಚ್‌ನಲ್ಲಿ ಬಣ್ಣ ನೋಡಿ, ಗೈಡ್ ಹತ್ತಿರ ಒಪ್ಪಿಗೆ ಪಡೆದು, ಆಮೇಲೆ ಬಟ್ಟೆಗೆ ಬೇಕಾದ ಚೊಗರು ತರಿಸುವುದು. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ಕ್ಲಾಸಿನಲ್ಲಿ ಕಲಿಸುವುದೇ ಈ ಕ್ರಮವನ್ನು.

ಚೊಗರು ಕಾರ್ಖಾನೆಯ ಡಬ್ಬಿಯಲ್ಲಿ ಬರುವ ಬಣ್ಣವಲ್ಲ. ಹಸಿ ಅಡಿಕೆ ಸುಲಿದು ಹಂಡೆಯಲ್ಲಿ ಬೇಯಿಸುತ್ತಾರಲ್ಲ, ಆ ನೀರು. ಒಂದೇ ನೀರಿನಲ್ಲಿ ಒಂದಾದ ಮೇಲೊಂದು ಹಂಡೆ ಅಡಿಕೆ ಬೇಯುತ್ತದೆ, ನೀರು ಗಟ್ಟಿಯಾಗುತ್ತ ಹೋಗುತ್ತದೆ. ಮೊದಲ ಬೇಯಿಸುವಿಕೆಯ ನೀರಿಗೂ ಕೊನೆಯದ್ದಕ್ಕೂ ಅಜಗಜಾಂತರ. ಕೆಲವು ಮನೆಗಳಲ್ಲಿ ಹೋದ ವರ್ಷದ ಚೊಗರನ್ನೂ ಸೇರಿಸುತ್ತಾರೆ. ಕಾಯಿ ಎಳೆಯದಾಗಿದ್ದಷ್ಟೂ ಒಗರು ಹೆಚ್ಚು, ಬಲಿತಂತೆ ಕಡಿಮೆ. ತಾಮ್ರದ ಹಂಡೆಯದ್ದು ಕೆಂಪಗಿದ್ದರೆ, ಅದೇ ಚೊಗರನ್ನು ತುಕ್ಕು ಹಿಡಿದ ಕಬ್ಬಿಣದ ಡ್ರಮ್ಮಿನಲ್ಲಿ ಇಟ್ಟಾಗ ಕಪ್ಪಿಗೆ ತಿರುಗುತ್ತದೆ. ಕೊನೆಗೆ ನೀರು. ಮಲೆನಾಡಿನ ಬಾವಿಯ ಮೆದು ನೀರಿನಲ್ಲಿ ಬಂದ ಬಣ್ಣ ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ಬರುವುದಿಲ್ಲ. ಗಡಸು ನೀರಿನ ಸುಣ್ಣದಂಶ ಕೆಂಪು ಏರಿಸುತ್ತದೆ, ಕಬ್ಬಿಣದಂಶವಿದ್ದರೆ ಮಂಕಾಗುತ್ತದೆ. ಸೆಪ್ಟೆಂಬರ್‌ನ ಸ್ವಾಚ್ ಹಿಡಿದು ಡಿಸೆಂಬರ್‌ನಲ್ಲಿ ಬಟ್ಟೆ ಅದ್ದಿದರೆ ಇವೆಲ್ಲ ಒಟ್ಟಿಗೆ ಕೈ ಕೊಡುತ್ತವೆ. ಮೈ ಒಂದು ಬಣ್ಣ, ತೋಳು ಇನ್ನೊಂದು. ಸರಿಮಾಡಲು ಮತ್ತೆ ಅದ್ದಿದಿರೋ, ಗಾಢವಾಗುತ್ತದೆಯೇ ಹೊರತು ತಿಳಿಯಾಗುವುದಿಲ್ಲ. ಹಿಂದಕ್ಕೆ ದಾರಿಯೇ ಇಲ್ಲ.

ಆದ್ದರಿಂದ ಕ್ರಮ ತಿರುಗಿಸಿ. ಬೇಕಾದಷ್ಟು ಚೊಗರನ್ನು ಒಂದೇ ಮನೆಯಿಂದ ಒಂದೇ ಸಲ ತನ್ನಿ. ದಪ್ಪ ಬಟ್ಟೆಯಲ್ಲಿ ಸೋಸಿ, ಒಂದೇ ಪ್ಲಾಸ್ಟಿಕ್ ಡ್ರಮ್ಮಿಗೆ ಸುರಿದು, ತಳದವರೆಗೆ ಕದಡಿ. ಸ್ವಾಚ್ ಈ ಡ್ರಮ್ಮಿನದ್ದೇ ಆಗಬೇಕು. ಗಟ್ಟಿ ಚೊಗರು ಕೆಡದೆ ಇರುತ್ತದೆ, ನೀರು ಬೆರೆಸಿದ್ದು ಕೆಲವೇ ದಿನಗಳಲ್ಲಿ ಬೂಸ್ಟು ಹಿಡಿಯುತ್ತದೆ. ಹಾಗಾಗಿ ಅದ್ದುವ ದಿನವೇ ಬೆರೆಸಿ.

ಲೆಕ್ಕ ಹೀಗೆ. ಆರು ಉಡುಪಿಗೆ ತಲಾ 4 ಮೀಟರ್ ಅಂದರೆ 24, ಕುಗ್ಗುವಿಕೆ ಮತ್ತು ಪರೀಕ್ಷೆಗೆ ಸೇರಿಸಿ 30 ಮೀಟರ್. ಮೀಟರಿಗೆ 150 ಗ್ರಾಂ ತೂಗುವ ಖಾದಿಯಾದರೆ ನಾಲ್ಕೂವರೆ ಕೆ.ಜಿ. ಮಗ್ಗದ ಬಟ್ಟೆಯ ಹಾಸಿನಲ್ಲಿ (ಉದ್ದದ ಎಳೆಗಳಲ್ಲಿ) ಗಂಜಿ ಇರುತ್ತದೆ, ಅದು ಹೋಗದೆ ಯಾವ ಬಣ್ಣವೂ ಸಮನಾಗಿ ಹಿಡಿಯುವುದಿಲ್ಲ. ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಮರುದಿನ 150 ಗ್ರಾಂ ವಾಷಿಂಗ್ ಸೋಡಾ ಮತ್ತು ಅಂಟುವಾಳದ ನೀರು ಹಾಕಿ ಒಂದೂವರೆ ಗಂಟೆ ಕುದಿಸಿ. ಒಣಗಿದ ಮೇಲೆ ಒಂದು ಹನಿ ನೀರು ಬಿಡಿ. ತಕ್ಷಣ ಹೀರಿಕೊಳ್ಳಬೇಕು, ಮಣಿಯಂತೆ ನಿಲ್ಲಬಾರದು. ಮೂಲೆಗೆ ಅಯೋಡಿನ್ ಹನಿ ಹಾಕಿದಾಗ ನೀಲಿಯಾದರೆ ಗಂಜಿ ಇನ್ನೂ ಇದೆ.

ಚೊಗರಿನಲ್ಲೇ ಒಗರು ಇರುವುದರಿಂದ, ಒಗರಿಗೆಂದು ಹಾಕುವ ಅಳಲೆಕಾಯಿ ಬೇಕಿಲ್ಲ. ತಿಳಿ ಕಂದು ಬೇಕಿದ್ದರೆ ಬಟ್ಟೆಯ ತೂಕದ ಶೇ. 10ರಷ್ಟು ಪಟಿಕ, ಇಲ್ಲಿ 450 ಗ್ರಾಂ. ಬಟ್ಟೆಯ ತೂಕದ 20 ಪಟ್ಟು, ಅಂದರೆ 90 ಲೀಟರ್ ನೀರು. ಅಷ್ಟು ದೊಡ್ಡ ಪಾತ್ರೆ ಇಲ್ಲದಿದ್ದರೆ ಬಟ್ಟೆ, ನೀರು, ಚೊಗರು ಮೂರನ್ನೂ ತೂಗಿ ಸಮ ಪಾಲು ಮಾಡಿ. ಚೊಗರು ಎಷ್ಟು ಅನ್ನುವುದಕ್ಕೆ ಬಟ್ಟೆಯ ತೂಕದ ಅರ್ಧ, ಸಮ, ಎರಡರಷ್ಟು ಹಾಕಿ ಮೂರು ತುಂಡು ಅದ್ದಿ ನೋಡಿ ನಿರ್ಧರಿಸಿ. ಕುದಿಯಲು ಬಿಡದೆ 80 ಡಿಗ್ರಿ ಆಸುಪಾಸಿನಲ್ಲಿ ಒಂದು ಗಂಟೆ ಕಲಕುತ್ತಿರಿ, ರಾತ್ರಿ ಅಲ್ಲೇ ಆರಲಿ. ನೆರಳಲ್ಲಿ ಒಣಗಿಸಿ, ಎರಡು ಮೂರು ದಿನ ಗಾಳಿಗೆ ಬಿಟ್ಟು ಆಮೇಲೆ ತೊಳೆಯಿರಿ. ಗಾಳಿ ತಾಗಿದಷ್ಟೂ ಕೆಂಪು ಏರುತ್ತದೆ. ಒದ್ದೆ ಬಟ್ಟೆಯ ಬಣ್ಣ ನೋಡಿ ಹಿಗ್ಗಬೇಡಿ.

ಬೂದು, ಕಪ್ಪು ಬೇಕಿದ್ದರೆ ಬಣ್ಣ ಹಾಕಿದ ಮೇಲೆ ಅನ್ನಭೇದಿಯ (ಕಬ್ಬಿಣದ ಉಪ್ಪು, ಫೆರಸ್ ಸಲ್ಫೇಟ್) ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಅದ್ದಿ. ಶೇ. 2 ಸಾಕು, 90 ಗ್ರಾಂ. ಇನ್ನೂ ಕಪ್ಪಾಗಲಿ ಅಂತ ಸುರಿಯುತ್ತ ಹೋದರೆ ಕಬ್ಬಿಣ ಹತ್ತಿಯ ಎಳೆಯನ್ನೇ ತಿನ್ನುತ್ತದೆ. ಶೋ ದಿನ ಚೆನ್ನಾಗಿರುತ್ತದೆ, ದಿನ ಕಳೆದಂತೆ ಮಡಿಕೆಯಲ್ಲಿ ಹರಿಯುತ್ತದೆ. ಆ ನೀರನ್ನು ತೋಟದ ಕಾದಿಗೆಗೆ (ನೀರು ಹರಿಯುವ ಕಾಲುವೆಗೆ) ಚೆಲ್ಲಬಾರದು. ಅನ್ನಭೇದಿ ನೀರಿಗೆಂದೇ ಒಂದು ಬೇರೆ ಬಕೆಟ್ ಇಟ್ಟುಕೊಂಡು, ಮುಂದಿನ ಸಲಕ್ಕೆ ಕೊಂಚ ಸೇರಿಸಿ ಬಳಸಿ.

ಪ್ರತಿ ಪಾತ್ರೆಯ ಬಟ್ಟೆಗೆ ಅಂಚಿನಲ್ಲಿ ದಾರದ ಗಂಟು ಹಾಕಿ ಗುರುತಿಡಿ: ಒಂದನೇ ಪಾತ್ರೆಗೆ ಒಂದು ಗಂಟು, ಎರಡನೆಯದಕ್ಕೆ ಎರಡು. ಪೆನ್ನಿನ ಗುರುತು ಉಳಿಯುವುದಿಲ್ಲ. ಒಂದು ಉಡುಪಿನ ಎಲ್ಲ ತುಂಡುಗಳೂ ಒಂದೇ ಪಾತ್ರೆಯ ಬಟ್ಟೆಯಲ್ಲೇ ಕತ್ತರಿಸಬೇಕು. ಕಡಿಮೆ ಬಿದ್ದರೆ ಬೇರೆ ಪಾತ್ರೆಯದ್ದನ್ನು ಲೈನಿಂಗಿಗೆ ಹಾಕಿ, ತೋಳಿಗೆ ಮಾತ್ರ ಬೇಡ.

ಬಟ್ಟೆಯ ವಿಷಯ ಚುಟುಕಾಗಿ. ಧಾರವಾಡ, ಗದಗ ಕಡೆಯ ಜಯಧರ್ ಹತ್ತಿ ಬೇಕು ಅಂದಿದ್ದೀರಿ, ಒಳ್ಳೆಯ ಆಯ್ಕೆ. ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಎರೆ ಹೊಲಕ್ಕೆ ಬಿತ್ತಿ, ನೆಲದ ತೇವದಲ್ಲೇ ಬೆಳೆದು, ಫೆಬ್ರವರಿ ನಂತರ ಬಿಡಿಸುವ ದೇಸಿ ಹತ್ತಿ. ಎಳೆ ಗಿಡ್ಡ, ಹಾಗಾಗಿ ನೂಲು ದಪ್ಪ, 20 ಕೌಂಟ್ ಆಸುಪಾಸು. ಜೋತು ಬೀಳುವ ಗೌನ್ ಆಗುವುದಿಲ್ಲ. ಜಾಕೆಟ್, ಅಗಲದ ಪ್ಯಾಂಟು, ನೆಟ್ಟಗಿನ ಅಂಗಿ ಆಗುತ್ತದೆ. ಈ ವರ್ಷದ ಹತ್ತಿ ಏಪ್ರಿಲ್ ಶೋಗೆ ಸಿಗುವುದಿಲ್ಲ, ನಿಮ್ಮದು ಹೋದ ವರ್ಷದ ನೂಲೇ. ಇನ್ನೊಂದು ವಿಷಯ: ಎಷ್ಟೋ ಖಾದಿ ಸಂಸ್ಥೆಗಳಿಗೆ ಹಂಜಿ (ನೂಲಲು ಸಿದ್ಧಮಾಡಿದ ಹತ್ತಿ) ಬರುವುದು ಖಾದಿ ಆಯೋಗದ ಚಿತ್ರದುರ್ಗದ ಹಂಜಿ ಘಟಕದಂಥ ಕಡೆಯಿಂದ. ಅಂಗಡಿಯ ಖಾದಿಗೆ ‘ಜಯಧರ್’ ಅಂತ ಲೇಬಲ್ ಹಚ್ಚುವ ಮುಂಚೆ ಹಂಜಿ ಎಲ್ಲಿಯದು ಎಂದು ಕೇಳಿ. ಗೊತ್ತಾಗದಿದ್ದರೆ ‘ಕೈಮಗ್ಗದ ಹತ್ತಿ ಬಟ್ಟೆ’ ಅಂತಷ್ಟೇ ಬರೆಯಿರಿ.

ಈಗ ಸಿದ್ದಿ ಅಕ್ಕಂದಿರ ಕೆಲಸ. ‘ಬುಡಕಟ್ಟು ಪ್ರೇರಣೆ’ ಎಂದು ಬರೆದು ಅವರ ಕೈಗೆ ನಿಮ್ಮ ಗ್ರಾಫ್ (ಚೌಕಳಿ ಕಾಗದದಲ್ಲಿ ಬರೆದ ವಿನ್ಯಾಸ) ಕೊಡುವುದಾದರೆ ದಯವಿಟ್ಟು ಬೇಡ, ಅದು ಜಾಬ್ ವರ್ಕ್. ಹಾಗಂತಲೇ ಹೇಳಿ, ಕೂಲಿ ಕೊಟ್ಟು ಮಾಡಿಸಿ, ಅದರಲ್ಲಿ ತಪ್ಪಿಲ್ಲ. ಗ್ರಾಫ್ ಕೆಲಸ ಮಾಡದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಸಿದ್ದಿ ಕೌದಿ ಮೂಲೆಯಿಂದ ಶುರುವಾಗಿ ಅಂಚಿನುದ್ದಕ್ಕೂ ಸುತ್ತುತ್ತ, ತುಂಡು ಸೇರಿಸುತ್ತ, ನಡುವಿಗೆ ಬಂದು ಮುಗಿಯುತ್ತದೆ. ಯಾವ ತುಂಡು ಎಲ್ಲಿ ಅನ್ನುವುದು ಹೊಲಿಯುತ್ತ ಹೋದಂತೆ ತೀರ್ಮಾನವಾಗುತ್ತದೆ. ಮೂಲೆಗೆ ಮಡಿಚಿದ ಬಟ್ಟೆಯ ‘ಫೂಲ್’ (ಹೂವು) ಇಡದಿದ್ದರೆ ಕೌದಿ ಪೂರ್ತಿಯಾದಂತಲ್ಲ. ಹಾಗೆ ಮಾಡಿದ ಕೌದಿಯನ್ನು ತಂದು ಜಾಕೆಟಿಗೆ ಕತ್ತರಿ ಹಾಕಿದರೆ ಸುತ್ತು ಹೊಲಿಗೆಯ ದಾರ ನೂರು ಕಡೆ ತುಂಡಾಗಿ ಬಿಚ್ಚಿಕೊಳ್ಳುತ್ತದೆ.

ಇದರ ಬದಲು ಜಾಕೆಟಿನ ಬೆನ್ನು, ಎರಡು ಮುಂಭಾಗ, ಇಷ್ಟರ ಆಕಾರವನ್ನು ತಳದ ಬಟ್ಟೆ ಮೇಲೆ ಗೆರೆ ಎಳೆದು, ಸುತ್ತ ಎರಡು ಇಂಚು ಬಿಟ್ಟು ಕೊಡಿ. ಅದರೊಳಗಿನ ಬಣ್ಣ, ತುಂಡು, ಸಾಲು ಅವರದ್ದು. ಹೊಲಿಗೆ ಎಳೆದಂತೆ ಬಟ್ಟೆ ಒಳಕ್ಕೆ ಸೇದುತ್ತದೆ, ಪ್ಯಾಟರ್ನ್ ಇಟ್ಟು ಅಂಚು ಕತ್ತರಿಸುವುದು ಕೊನೆಗೆ, ಅದೂ ಕತ್ತರಿಸುವ ಗೆರೆಯ ಒಳಬದಿಗೆ ಎರಡು ಸಾಲು ಮೆಷಿನ್ ಹೊಲಿಗೆ ಓಡಿಸಿದ ಮೇಲೆ. ಬಟ್ಟೆ ಮೊದಲೇ ಕುಗ್ಗಿಸಿದ್ದಿರಬೇಕು. ಹಳೆ ಬಟ್ಟೆಯ ಕೆಂಪು, ನೀಲಿ ತುಂಡುಗಳನ್ನು ಬಿಸಿ ನೀರಿನಲ್ಲಿ ಬಿಳಿ ಚಿಂದಿಯ ಜೊತೆ ಉಜ್ಜಿ ನೋಡಿ, ಬಣ್ಣ ಬಿಡುವುದನ್ನು ತೆಗೆದಿಡಿ.

ಕೂಲಿ ದಿನದ ಲೆಕ್ಕದಲ್ಲಿ ಮಾತಾಡಿ. ಚದರಡಿ ಲೆಕ್ಕ ಹಾಕಿದರೆ ಸೂಕ್ಷ್ಮ ಹೊಲಿಗೆ ಹಾಕುವವರಿಗೇ ನಷ್ಟ. ಮೊದಲ ಸ್ಯಾಂಪಲ್‌ಗೂ ಹಣ ಕೊಡಿ, ಅದು ಎಷ್ಟು ದಿನ ಹಿಡಿಯಿತೋ ಅದೇ ನಿಮ್ಮ ಅಂದಾಜು. ಅರ್ಧ ಮುಂಗಡ. ಲೇಬಲ್ ಮೇಲೆ ಹೆಸರು ಹಾಕುವುದು ಅವರು ಒಪ್ಪಿದರೆ ಮಾತ್ರ. ಫೋಟೋ, ಮುಂದೆ ಅದೇ ವಿನ್ಯಾಸ ಮರುಬಳಕೆ, ಇವೆರಡನ್ನೂ ಕೆಲಸ ಶುರುವಾಗುವ ಮೊದಲೇ ಕನ್ನಡದಲ್ಲಿ ಒಂದು ಪುಟ ಬರೆದು ಎಲ್ಲರ ಮುಂದೆ ಓದಿ ಹೇಳಿ.

ಇಲ್ಲೇ ನಿಮ್ಮ ಯೋಜನೆ ಸಿಕ್ಕಿಹಾಕಿಕೊಳ್ಳುವುದು. ಚೊಗರು ಸಿಗುವುದು ಅಡಿಕೆ ಕೊಯ್ಲಿನಲ್ಲಿ. ಯಲ್ಲಾಪುರದ ಕಡೆ ಎಷ್ಟೋ ಸಿದ್ದಿ ಕುಟುಂಬಗಳು ಅದೇ ತೋಟಗಳಿಗೆ ಕೂಲಿಗೆ ಹೋಗುತ್ತವೆ. ಡಿಸೆಂಬರ್‌ನಲ್ಲಿ ಬಣ್ಣ ಸಿಗುತ್ತದೆ, ಹೊಲಿಯುವ ಕೈ ಸಿಗುವುದಿಲ್ಲ. ಬಟ್ಟೆ ಅದ್ದುವುದನ್ನು ಜನವರಿಗೆ ಮುಗಿಸಿ, ಕೌದಿ ಕೆಲಸ ಫೆಬ್ರವರಿ, ಮಾರ್ಚ್‌ಗೆ ಇಟ್ಟುಕೊಳ್ಳಿ. ಅಷ್ಟರಲ್ಲಿ ಆರು ಉಡುಪು ಆಗುವುದಿಲ್ಲ. ಎರಡು ಜಾಕೆಟ್ ಕೌದಿ, ಉಳಿದ ನಾಲ್ಕು ಬರೀ ಚೊಗರಿನ ಬಟ್ಟೆ. ಗೈಡ್ ಒಪ್ಪದಿದ್ದರೆ ಕೌದಿಯನ್ನೇ ಬಿಡಿ, ಅವಸರ ಮಾಡಿಸಬೇಡಿ.

ಸೌದೆಯ ಲೆಕ್ಕವನ್ನೂ ಕಲೆಕ್ಷನ್ ಬರಹದಲ್ಲಿ ಸೇರಿಸಿ. ‘ಪ್ರಕೃತಿಸ್ನೇಹಿ’ ಅನ್ನುವ ಬಟ್ಟೆಯೂ ಕುದಿಯುವುದು ಬೆಂಕಿಯಲ್ಲಿ, ಆ ಕಡೆ ಸೌದೆ ಸೊಪ್ಪಿನ ಬೆಟ್ಟದಿಂದಲೋ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು) ಕಾಡಿನಿಂದಲೋ ಬರುತ್ತದೆ. ಒಲೆಗೆ ಅಡಿಕೆ ಸಿಪ್ಪೆ ಸಿಗುವ ಮನೆಯಲ್ಲೇ ಬಣ್ಣ ಹಾಕಿದರೆ ಅರ್ಧ ಸಮಸ್ಯೆ ಕಡಿಮೆ. ಮತ್ತೆ, ಅನ್ನಭೇದಿ ಹಾಕಿದ ಉಡುಪು ತೊಟ್ಟ ಮಾಡೆಲ್‌ಗಳ ಕೈಗೆ ಬ್ಯಾಕ್‌ಸ್ಟೇಜ್‌ನಲ್ಲಿ ನಿಂಬೆ ಶರಬತ್ತು ಕೊಡಬೇಡಿ. ಹುಳಿ ಬಿದ್ದ ಕಡೆ ಕಪ್ಪು ಹೋಗಿ ತಿಳಿ ಕಲೆ ಉಳಿಯುತ್ತದೆ.